ಶೋನಿಬಾರೆ, ಯಿಂಕಾ
1962–. ವಸಾಹತು ಚರಿತ್ರೆಯನ್ನೂ ಅಸ್ಮಿತೆಯ ಪ್ರಶ್ನೆಯನ್ನೂ ಬಟ್ಟೆ, ಶಿಲ್ಪ, ಕೊಲಾಜ್‌ಗಳಲ್ಲಿ ನಿರೂಪಿಸಿದ ಬ್ರಿಟಿಷ್-ನೈಜೀರಿಯನ್ ಕಲಾವಿದ. ಜನನ ಲಂಡನ್ನಿನಲ್ಲಿ, ಬಾಲ್ಯ ಲಾಗೋಸಿನಲ್ಲಿ. ಮುಖ್ಯ ಸಾಮಗ್ರಿ ಡಚ್ ವ್ಯಾಕ್ಸ್ ಬಟ್ಟೆ. ಆಫ್ರಿಕದ್ದೆಂದೇ ಹೆಸರಾದ ಇದು ವಾಸ್ತವವಾಗಿ ಜಾವಾದ ಬಾಟಿಕ್‌ನ ಯಾಂತ್ರಿಕ ಅನುಕರಣೆ. 19ನೆಯ ಶತಮಾನದಲ್ಲಿ ನೆದರ್ಲೆಂಡ್ಸಿನಲ್ಲಿ ತಯಾರಾಗಿ, ಪಶ್ಚಿಮ ಆಫ್ರಿಕದಲ್ಲಿ ಮಾರುಕಟ್ಟೆ ಕಂಡಿತು. ಅದರಿಂದ ಹೊಲಿದ ವಿಕ್ಟೋರಿಯ ಕಾಲದ ಮಾದರಿಯ ಉಡುಪುಗಳನ್ನು ರುಂಡವಿಲ್ಲದ ಬೊಂಬೆಗಳಿಗೆ ತೊಡಿಸುವುದು ಇವರ ವಿಶಿಷ್ಟ ಕ್ರಮ. ‘ಸ್ಕ್ರ್ಯಾಂಬಲ್ ಫಾರ್ ಆಫ್ರಿಕ’ (2003) ಇವುಗಳಲ್ಲಿ ಅತ್ಯಂತ ಹರಿತವಾದುದು: ಆಫ್ರಿಕದ ನಕ್ಷೆಯಿರುವ ಮೇಜಿನ ಸುತ್ತ ಇಂಥ 14 ಆಕೃತಿಗಳು ಕುಳಿತಿದ್ದು, ಯುರೋಪಿನ ರಾಷ್ಟ್ರಗಳು ಆಫ್ರಿಕದ ಹಂಚಿಕೆಯನ್ನು ಚರ್ಚಿಸಿದ 1884-85ರ ಬರ್ಲಿನ್ ಸಮ್ಮೇಳನವನ್ನು ವಿಡಂಬಿಸುತ್ತವೆ. 2004ರಲ್ಲಿ ಟರ್ನರ್ ಪ್ರಶಸ್ತಿಗೆ ನಾಮನಿರ್ದೇಶಿತರಾಗಿದ್ದರು. ಡಚ್ ವ್ಯಾಕ್ಸ್ ಬಟ್ಟೆಯ ಬಗೆಯ ವಿನ್ಯಾಸದ ಹಾಯಿಗಳುಳ್ಳ ‘ನೆಲ್ಸನ್ಸ್ ಷಿಪ್ ಇನ್ ಎ ಬಾಟಲ್’ 2010ರಲ್ಲಿ ಟ್ರಫಾಲ್ಗರ್ ಚೌಕದಲ್ಲಿ ಪ್ರದರ್ಶಿತವಾಗಿ, ಅನಂತರ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯಕ್ಕೆ ಸೇರಿತು.