ಡ್ರೈವರ್ ಹೋದರೂ ಅದರ ಫೈಲು ಹೋಗೋದಿಲ್ಲ!

ಗಣಕದ ಪರದೆ ಮಿಣುಕಾಡಿದರೆ, ಅಡ್ಡಗೆರೆ ಬಂದರೆ, ಆಟದ ನಡುವೆ ಇದ್ದಕ್ಕಿದ್ದಂತೆ ಕಪ್ಪಾದರೆ ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗೋ ಉತ್ತರ ಎರಡೇ. ಒಂದು, "ಕಾರ್ಡ್ ಹೋಗಿದೆ". ಇನ್ನೊಂದು, "ಫಾರ್ಮ್ಯಾಟ್ ಮಾಡ್ಬೇಕು". ಮೂರನೇ ದಾರಿಯೊಂದಿದೆ. ಹಳೇ ಗ್ರಾಫಿಕ್ಸ್ ಡ್ರೈವರನ್ನು ಬೇರುಸಮೇತ ಕಿತ್ತು ಹೊಸದಾಗಿ ಹಾಕೋದು. ಅರ್ಧ ಗಂಟೆಯ ಕೆಲಸ, ಖರ್ಚು ಒಂದು ಫಿಲ್ಸೂ ಇಲ್ಲ.

ಇಲ್ಲಿ ಮಂಗಾಫ್‌ನಲ್ಲಿರುವ ಗೆಳೆಯರೊಬ್ಬರ ಲ್ಯಾಪ್‌ಟಾಪನ್ನು ಒಂದು ಅಂಗಡಿಯವರು ಕೇಳದೇ ಫಾರ್ಮ್ಯಾಟ್ ಮಾಡಿ ಕೊಟ್ಟರು. ಪರದೆ ಸರಿಯಾಯ್ತು. ಆದರೆ ಮಗಳ ನಾಮಕರಣದ ಫೋಟೋಗಳು, ಊರಲ್ಲಿ ತೀರಿಕೊಂಡ ಅಮ್ಮನ ಕೊನೆಯ ವಿಡಿಯೋ, ಎಲ್ಲಾ ಹೋಯ್ತು. ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟ ಹಾಗೆ. ಫಾರ್ಮ್ಯಾಟ್ ಮಾಡಿದಾಗ ಪರದೆ ಯಾಕೆ ಸರಿಹೋಯ್ತು ಹೇಳಿ? ಎಲ್ಲದರ ಜತೆ ಹಳೇ ಡ್ರೈವರೂ ಅಳಿಸಿಹೋಗಿತ್ತಲ್ಲ, ಅದಕ್ಕೇ. ಹೋಗಬೇಕಾದದ್ದು ಅದೊಂದೇ ಆಗಿತ್ತು!

ಒಂದು ತಂತ್ರಾಂಶವನ್ನು ತೆಗೆಯೋದಕ್ಕೆ ಇಷ್ಟೊಂದು ರಾದ್ಧಾಂತ ಯಾಕೆ ಅನ್ನೋದಕ್ಕೆ ಸ್ವಲ್ಪ ಚರಿತ್ರೆ ಗೊತ್ತಿರಬೇಕು.

ಮೊದಲು ಡ್ರೈವರ್ ಅಂದ್ರೆ ಏನು ಅಂತ ನೋಡೋಣ. ಕುವೈತಿನಲ್ಲಿ ಇರುವವರಿಗೆ ಇದನ್ನು ತಿಳಿಸೋದು ಸುಲಭ. ನಮ್ಮ ಕಂಪನಿಗಳಲ್ಲಿ ಮಂದೂಬ್ ಅಂತ ಒಬ್ಬರು ಇರ್ತಾರಲ್ಲ, ಇಕಾಮಾ ಬೇಕಾದ್ರೂ, ಶೂನ್ ಕಚೇರಿಯ ಕಾಗದ ಬೇಕಾದ್ರೂ ಅವರೇ ಹೋಗಬೇಕು. ನಮಗೆ ಕಚೇರಿಯ ಭಾಷೆ ಬಾರದು, ಕಚೇರಿಗೆ ನಮ್ಮದು ಬಾರದು. ಡ್ರೈವರ್ ಕೂಡ ಅಂಥದ್ದೇ ಮಂದೂಬ್. ವಿಂಡೋಸ್ "ಇಲ್ಲೊಂದು ಕಿಟಕಿ ಬಿಡಿಸು" ಅಂದರೆ, ಅದನ್ನು ಕಾರ್ಡಿಗೆ ಅರ್ಥವಾಗುವಂತೆ ಹೇಳಿ ಕೆಲಸ ಮಾಡಿಸಿಕೊಂಡು ಬರೋದು ಅದರ ಕೆಲಸ. ಹಳೇ ಮಂದೂಬ್ ಕೆಲಸ ಬಿಟ್ಟು ಹೋದಮೇಲೂ ದಾಖಲೆಯಲ್ಲಿ ಅವನ ಹೆಸರು, ಅವನ ಸಹಿಯೇ ಉಳಿದುಬಿಟ್ಟರೆ ಹೊಸಬ ಒಯ್ದ ಕಾಗದ ಮುಂದೆ ಹೋಗುತ್ತಾ? ತೊಂದರೆ ಇರೋದು ಅಲ್ಲೇ.

ಆದರೆ ಮೊದಲು ಈ ತೊಂದರೆ ಇರಲಿಲ್ಲ. ಯಾಕಂದ್ರೆ ಎಲ್ಲವೂ ಯಂತ್ರದ ಒಳಗೇ ಇತ್ತು. ಇದಕ್ಕೆ ಒಳ್ಳೆಯ ಉದಾಹರಣೆ ಕುವೈತಿನದ್ದೇ ಇದೆ. ಮೊಹಮ್ಮದ್ ಅಲ್ ಶಾರೆಖ್ ಅನ್ನೋ ಕುವೈತಿ ಉದ್ಯಮಿ 1982ರಲ್ಲಿ ಶುರುಮಾಡಿದ ಸಖ್ರ್ ಸಂಸ್ಥೆ, ಜಪಾನಿನಲ್ಲಿ ಹುಟ್ಟಿದ ಎಂಎಸ್ಎಕ್ಸ್ ಮಾದರಿಯ ಗಣಕಗಳಿಗೆ ಅರಬ್ಬಿ ಕಲಿಸಿತು. ಅರಬ್ಬಿ ಬಲದಿಂದ ಎಡಕ್ಕೆ ಹೋಗೋ ಲಿಪಿ, ಮೇಲಾಗಿ ಒಂದೇ ಅಕ್ಷರ ಪದದ ಮೊದಲಲ್ಲಿ, ನಡುವಲ್ಲಿ, ಕೊನೆಯಲ್ಲಿ ಬೇರೆ ಬೇರೆ ರೂಪ ತಾಳುತ್ತೆ. ಅದನ್ನೆಲ್ಲ ಯಂತ್ರದ ಚಿಪ್‌ನಲ್ಲೇ ತುಂಬಿಸಿ ಮಾರಿದರು. ಗಲ್ಫಿನ ಒಂದು ತಲೆಮಾರಿನ ಮಕ್ಕಳು ಗಣಕ ಕಲಿತದ್ದೇ ಸಖ್ರ್ ಮೇಲೆ. 1990ರ ಆಗಸ್ಟ್‌ನಲ್ಲಿ ಇರಾಕ್ ದಾಳಿ ಮಾಡಿದ ಮೇಲೆ ಸಂಸ್ಥೆ ಈಜಿಪ್ಟಿಗೆ ಹೋಯ್ತು. ಶಾರೆಖ್ 2024ರಲ್ಲಿ ತೀರಿಕೊಂಡರು.

ನಮ್ಮ ಕಡೆಯೂ ಹೆಚ್ಚುಕಡಿಮೆ ಅದೇ ಕಥೆ. ಐಐಟಿ ಕಾನ್ಪುರದಲ್ಲಿ ಹುಟ್ಟಿ, 1988ರಲ್ಲಿ ಶುರುವಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಹಳಬರಿಗೆ ನೆನಪಿರಬಹುದು. ಪಿಸಿಯ ಒಳಗೆ ಇದೊಂದು ಹಲಗೆಯನ್ನು ಸಿಕ್ಕಿಸಿದರೆ ಡಾಸ್‌ನಲ್ಲೂ ಕನ್ನಡ ಮೂಡುತ್ತಿತ್ತು. ಒತ್ತಕ್ಷರವನ್ನು ಕೆಳಗೆ ಕೂರಿಸೋ ಕೆಲಸ ಕಾರ್ಡಿನದ್ದು. ಕಾರ್ಡ್ ಕಿತ್ತರೆ ಕನ್ನಡವೂ ಹೋಯ್ತು. ಲೆಕ್ಕ ಚುಕ್ತಾ, ಶೇಷ ಸೊನ್ನೆ.

ಆ ಕಾಲದಲ್ಲಿ ಡ್ರೈವರ್‌ಗಳೂ ಇದ್ದವು, ಆದರೆ ಒಂದೊಂದು ತಂತ್ರಾಂಶ ತನ್ನದೇ ಡ್ರೈವರ್ ಇಟ್ಟುಕೊಂಡಿರುತ್ತಿತ್ತು. ಲೋಟಸ್ 1-2-3 ಹಾಕುವಾಗ ನಿಮ್ಮಲ್ಲಿರೋದು ಸಿಜಿಎ ಕಾರ್ಡೋ, ಹರ್ಕ್ಯುಲಿಸ್ಸೋ ಅಂತ ಆರಿಸಬೇಕು. ಆಟೋಕ್ಯಾಡ್‌ಗೆ ಬೇರೆ, ವರ್ಡ್‌ಪರ್ಫೆಕ್ಟ್‌ಗೆ ಬೇರೆ. 1987ರಲ್ಲಿ ಐಬಿಎಂನ ವಿಜಿಎ ಬಂದಮೇಲೆ ಎಲ್ಲರಿಗೂ ಒಂದು ಸಾಮಾನ್ಯ ಭಾಷೆ ಸಿಕ್ಕಿತು. 1990ರಲ್ಲಿ ವಿಂಡೋಸ್ 3.0 ಬಂದು, ಇಡೀ ಗಣಕಕ್ಕೆ ಒಂದೇ ಡ್ರೈವರ್ ಅನ್ನೋ ಪದ್ಧತಿ ಬಳಕೆಗೆ ತಂತು. ಅನುಕೂಲವೇನೋ ಆಯ್ತು, ಆದರೆ ಒಂದು ಡ್ರೈವರ್ ಕೆಟ್ಟರೆ ಎಲ್ಲಾ ತಂತ್ರಾಂಶಗಳೂ ಕೆಟ್ಟಂತೆ. ತಪ್ಪು ಡ್ರೈವರ್ ಹಾಕಿ ಪರದೆ ಕಪ್ಪಾದರೆ ಡಾಸ್‌ಗೆ ಬಂದು, ಸೆಟಪ್ ಓಡಿಸಿ, ವಿಜಿಎ ಆರಿಸಿ ಪಾರಾಗಬೇಕಿತ್ತು. ವಿಂಡೋಸ್ 95ರ ಸೇಫ್ ಮೋಡ್ ಕೂಡ ಹೀಗೆ ಸಾದಾ ವಿಜಿಎಗೇ ಮರಳುತ್ತಿತ್ತು. 640 ಅಡ್ಡ 480, ಹದಿನಾರು ಬಣ್ಣ. ಕುರೂಪವೇ, ಆದರೆ ಪ್ರಾಣ ಉಳಿಸೋದು ಅದೇ!

ಇನ್ನು 1996. ಅಲ್ಲಿಯವರೆಗೆ ವಿಂಡೋಸ್ ಎನ್‌ಟಿಯಲ್ಲಿ ಚಿತ್ರ ಬಿಡಿಸೋ ಕೆಲಸವನ್ನು ಗಣಕದ ಗರ್ಭಗುಡಿಯಿಂದ, ಅಂದ್ರೆ ಕರ್ನೆಲ್‌ನಿಂದ, ಹೊರಗೆ ಇಟ್ಟಿದ್ದರು. ಸುರಕ್ಷಿತ, ಆದರೆ ನಿಧಾನ. ವೇಗ ಬೇಕು ಅಂತ ಎನ್‌ಟಿ 4.0ರಲ್ಲಿ ಆ ಕೆಲಸವನ್ನು, ಜತೆಗೆ ಡ್ರೈವರನ್ನೂ, ಒಳಕ್ಕೆ ಕರೆದುಕೊಂಡರು. ಮಂದೂಬ್‌ಗೆ ಮಂತ್ರಿಗಳ ಕೋಣೆಯಲ್ಲೇ ಕುರ್ಚಿ ಹಾಕಿಕೊಟ್ಟ ಹಾಗೆ. ಕೆಲಸ ಬೇಗ ಆಯ್ತು, ಸರಿ. ಆದರೆ ಅವನು ಎಡವಿ ಬಿದ್ದರೆ ಇಡೀ ಕಚೇರಿಯೇ ಕುಸಿಯುತ್ತಿತ್ತು. ನೀಲಿ ಪರದೆ!

ಅದೇ ಹೊತ್ತಿಗೆ ತ್ರಿಡಿ ಕಾರ್ಡ್‌ಗಳ ಪೈಪೋಟಿ ಶುರುವಾಯ್ತು. 1996ರಲ್ಲಿ ತ್ರಿಡಿಎಫ್ಎಕ್ಸ್‌ನ ವೂಡೂ, 1999ರಲ್ಲಿ ಎನ್‌ವಿಡಿಯಾದ ಜಿಫೋರ್ಸ್ 256, ಎಟಿಐನ ರೇಡಿಯಾನ್ 2000ದಲ್ಲಿ. ಜನ ಕಾರ್ಡ್ ಬದಲಿಸುತ್ತಾ ಹೋದರು, ಡ್ರೈವರ್‌ಗಳು ತಿಂಗಳಿಗೊಂದು ಬರತೊಡಗಿದವು. ತೆಗೆದು ಹಾಕುವ ಅನ್‌ಇನ್‌ಸ್ಟಾಲರ್‌ಗಳೋ, ಮೇಲೆ ಮೇಲೆ ಗುಡಿಸಿ ಮೂಲೆಯ ಕಸ ಅಲ್ಲೇ ಬಿಡುವಂಥವು. ಹಳೇ ಕಾರ್ಡಿನ ಡಿಎಲ್ಎಲ್‌ಗಳು ಸಿಸ್ಟಮ್32ರಲ್ಲಿ, ಅದರ ಐಎನ್ಎಫ್ ಫೈಲುಗಳು ಇನ್ನೊಂದು ಕಡೆ, ಅದರ ಸೆಟ್ಟಿಂಗುಗಳು ರಿಜಿಸ್ಟ್ರಿಯಲ್ಲಿ. ಇವನ್ನು ಗುಡಿಸೋದಕ್ಕೆಂದೇ ಡ್ರೈವರ್ ಕ್ಲೀನರ್‌ನಂಥ ಪುಟ್ಟ ತಂತ್ರಾಂಶಗಳು ಹುಟ್ಟಿದ್ದು ಆಗಲೇ.

2007ರಲ್ಲಿ ಬಂದ ವಿಸ್ಟಾವನ್ನು ಎಲ್ಲರೂ ಬೈದದ್ದೇ ಬೈದದ್ದು. ಅಮೆರಿಕದ ಮೊಕದ್ದಮೆಯೊಂದರಲ್ಲಿ 2008ರಲ್ಲಿ ಮೈಕ್ರೋಸಾಫ್ಟ್‌ನ ಒಳಗಿನ ಮಿಂಚೆಗಳು ಹೊರಬಿದ್ದಾಗ ಗೊತ್ತಾಯ್ತು: ಅವರು 2007ರಲ್ಲಿ ದಾಖಲಿಸಿಕೊಂಡ ಆ ವಿಸ್ಟಾ ಕ್ರ್ಯಾಶ್‌ಗಳಲ್ಲಿ 28.8% ಎನ್‌ವಿಡಿಯಾ ಡ್ರೈವರ್‌ಗಳಿಂದ, 17.9% ಮೈಕ್ರೋಸಾಫ್ಟ್‌ನದ್ದೇ ತಂತ್ರಾಂಶದಿಂದ, 9.3% ಎಟಿಐನಿಂದ, 8.8% ಇಂಟೆಲ್‌ನಿಂದ. ಬೈಗುಳ ವಿಸ್ಟಾಕ್ಕೆ, ಅದರಲ್ಲಿ ದೊಡ್ಡ ಪಾಲು ಡ್ರೈವರ್‌ನದ್ದು!

ಆದರೆ ವಿಸ್ಟಾ ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಬೇಕು. ಅದು ಡ್ರೈವರನ್ನು ಎರಡಾಗಿ ಸೀಳಿ, ದೊಡ್ಡ ಭಾಗವನ್ನು ಕರ್ನೆಲ್‌ನಿಂದ ಆಚೆ ಕಳಿಸಿತು, ಸಣ್ಣದನ್ನು ಮಾತ್ರ ಒಳಗಿಟ್ಟಿತು. ಕಾರ್ಡ್ ಎರಡು ಸೆಕೆಂಡು ಉತ್ತರ ಕೊಡದಿದ್ದರೆ ಅದನ್ನಷ್ಟೇ ಎಬ್ಬಿಸಿ ಕೂರಿಸೋ ಏರ್ಪಾಟೂ ಬಂತು. "ಡಿಸ್‌ಪ್ಲೇ ಡ್ರೈವರ್ ನಿಂತಿತ್ತು, ಈಗ ಚೇತರಿಸಿಕೊಂಡಿದೆ" ಅನ್ನೋ ಸಂದೇಶ ನೋಡಿದ್ದೀರಲ್ಲ, ಅದು ಇದೇ. ಜತೆಗೆ ಡ್ರೈವರ್ ಸ್ಟೋರ್ ಅನ್ನೋ ಉಗ್ರಾಣವೂ ಬಂತು. ಹಾಕಿದ ಪ್ರತಿಯೊಂದು ಡ್ರೈವರ್‌ನ ಪೂರ್ತಿ ಪ್ರತಿ ಅಲ್ಲಿ ಉಳಿಯುತ್ತೆ. ಉದ್ದೇಶ ಒಳ್ಳೆಯದೇ, ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳಬಹುದು. ಆದರೆ ನೀವು ಕಿತ್ತು ಹಾಕಿದ ಡ್ರೈವರನ್ನು ವಿಂಡೋಸ್ ಮರುಕ್ಷಣ ಅಲ್ಲಿಂದಲೇ ತಂದು ಹಾಕೋದೂ ಇದರಿಂದಲೇ. 2015ರಲ್ಲಿ ವಿಂಡೋಸ್ 10 ಬಂದಮೇಲಂತೂ ಅಪ್‌ಡೇಟ್ ಮೂಲಕ ನಾವು ಕೇಳದಿದ್ದರೂ ಡ್ರೈವರ್ ಇಳಿಯತೊಡಗಿತು.

ಇಷ್ಟು ತಿಳಿದುಕೊಂಡರೆ ಶುದ್ಧೀಕರಣದ ಪ್ರತಿ ಹೆಜ್ಜೆಗೂ ಅರ್ಥ ಬರುತ್ತೆ. ಮೊದಲು ಫೋಟೋ, ಕಾಗದಪತ್ರಗಳನ್ನು ಬೇರೊಂದು ಡಿಸ್ಕಿಗೆ ತೆಗೆದಿಡಿ. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಸೇಫ್ ಮೋಡ್‌ಗೆ ಹೋಗುವಾಗ ಕೇಳಬಹುದು. ಸರಿಯಾದ ಡ್ರೈವರನ್ನು ಮೊದಲೇ ಇಳಿಸಿಕೊಳ್ಳಿ; ಲ್ಯಾಪ್‌ಟಾಪ್ ಆದ್ರೆ ಅದರ ತಯಾರಕರ ತಾಣದಿಂದ. ಆಮೇಲೆ ಇಂಟರ್‌ನೆಟ್ ತಂತಿ ಕಿತ್ತು, ವೈಫೈ ಆಫ್ ಮಾಡಿ. ಇಲ್ಲದಿದ್ದರೆ ನೀವು ಮುಂಬಾಗಿಲಿಂದ ಕಳಿಸಿದ್ದನ್ನು ಅಪ್‌ಡೇಟ್ ಹಿತ್ತಿಲಿಂದ ಕರೆದು ತರುತ್ತೆ ಮಾರಾಯ್ರೆ.

ಈಗ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗಿರುವ ಕಾರ್ಡಿನ ಮೇಲೆ ಬಲ ಕ್ಲಿಕ್ ಮಾಡಿ, ಅನ್‌ಇನ್‌ಸ್ಟಾಲ್ ಒತ್ತಿ. ಅಲ್ಲಿ ಡ್ರೈವರನ್ನೂ ತೆಗೆಯಲೇ ಅಂತ ಕೇಳುವ ಪುಟ್ಟ ಚೌಕಕ್ಕೆ ಟಿಕ್ ಹಾಕೋದನ್ನು ಮರೀಬೇಡಿ. ಹೆಚ್ಚಿನವರು ಬಿಟ್ಟುಬಿಡೋದು ಅದನ್ನೇ, ಹಾಗಾಗಿ ಉಗ್ರಾಣದ ಪ್ರತಿ ಅಲ್ಲೇ ಉಳಿಯುತ್ತೆ. ಗಣಕ ಮತ್ತೆ ಶುರುವಾದಾಗ ಎಲ್ಲಾ ದಪ್ಪದಪ್ಪ ಕಂಡರೆ ಗಾಬರಿ ಬೇಡ, ಹಳೇ ವಿಜಿಎಯ ವಂಶಸ್ಥನಾದ ಸಾದಾ ಡ್ರೈವರ್ ಕೆಲಸ ಮಾಡ್ತಾ ಇದೆ ಅಂತ ಅರ್ಥ. ಅಷ್ಟಕ್ಕೂ ಬಗ್ಗದಿದ್ದರೆ ಸೇಫ್ ಮೋಡ್‌ಗೆ ಹೋಗಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನೋ ಉಚಿತ ತಂತ್ರಾಂಶ ಓಡಿಸಬಹುದು. ಎಎಂಡಿಯವರದ್ದೇ ಕ್ಲೀನಪ್ ಯುಟಿಲಿಟಿ ಇದೆ. ಸೇಫ್ ಮೋಡ್ ಯಾಕೆ? ಅಲ್ಲಿ ಕಾರ್ಡಿನ ಡ್ರೈವರ್ ಓಡ್ತಾ ಇರೋದಿಲ್ಲ, ಕೂತವನಿಲ್ಲದ ಕುರ್ಚಿ ಎತ್ತೋದು ಸುಲಭ. ಕೊನೆಗೆ ಹೊಸ ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ, ಆಮೇಲೆ ನೆಟ್ ಕೊಡಿ. ವಿಂಡೋಸ್ ಫೋಲ್ಡರಿನೊಳಗೆ ಹೋಗಿ ಕೈಯಾರೆ ಫೈಲ್ ಅಳಿಸೋ ಸಾಹಸ ಮಾತ್ರ ಬೇಡ.

ಹಾಗಂತ ಪ್ರತಿ ಸಲ ಅಪ್‌ಡೇಟ್ ಬಂದಾಗಲೂ ಇದನ್ನು ಮಾಡಬೇಕಾಗಿಲ್ಲ. ಎನ್‌ವಿಡಿಯಾದಿಂದ ಎಎಂಡಿಗೆ ಹೀಗೆ ಕಂಪನಿ ಬದಲಾದಾಗ, ಇಲ್ಲಾ ಹೊಸ ಡ್ರೈವರ್ ಹಾಕಿದ ಮೇಲೇ ತೊಂದರೆ ಶುರುವಾದಾಗ ಮಾಡಿದರೆ ಸಾಕು.

ಇನ್ನು ಡ್ರೈವರ್‌ನ ತಪ್ಪೇ ಅಲ್ಲದ ಸಂದರ್ಭವೂ ಇದೆ. ಪರೀಕ್ಷೆ ಸುಲಭ. ಗಣಕ ಆನ್ ಮಾಡಿದ ತಕ್ಷಣ, ವಿಂಡೋಸ್ ಬರೋ ಮೊದಲೇ, ಬಯೋಸ್ ಪರದೆಯಲ್ಲೇ ಗೆರೆಗಳು ಕಂಡರೆ ಡ್ರೈವರನ್ನು ಬೈಯಬೇಡಿ, ಅದಿನ್ನೂ ಎದ್ದೇ ಇರಲ್ಲ! ಅದು ಕಾರ್ಡಿನದೋ, ತಂತಿಯದೋ, ಪರದೆಯದೋ ದೋಷ. ಬಯೋಸ್‌ನಲ್ಲಿ ಚೆನ್ನಾಗಿದ್ದು, ಆಟ ಶುರುಮಾಡಿ ಹತ್ತು ನಿಮಿಷಕ್ಕೆ ಕೆಟ್ಟರೆ ಬಿಸಿಯನ್ನೂ ಅನುಮಾನಿಸಿ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಇಂಥಾ ಊರಿನಲ್ಲಿ, ಧೂಳುಗಾಳಿ ಬೀಸಿದ ಮಾರನೇ ವಾರ ಫ್ಯಾನಿನ ತುಂಬಾ ಮರಳುಪುಡಿ ಕೂತಿರುತ್ತೆ. ಅದನ್ನು ಯಾವ ಅನ್‌ಇನ್‌ಸ್ಟಾಲರೂ ಗುಡಿಸೋದಿಲ್ಲ, ಬ್ರಷ್ಷೇ ಬೇಕು.

ನಾವು ಊರು ಬಿಟ್ಟು ಬಂದವರು. ಮನೆಯವರ ಮುಖ, ದನಿ ಎಲ್ಲಾ ಈ ಡಿಸ್ಕಿನೊಳಗೇ ಇಟ್ಟುಕೊಂಡಿದ್ದೇವೆ. ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಯಲ್ಲಾಗಲಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ಯಾರಾದರೂ "ಫಾರ್ಮ್ಯಾಟ್ ಮಾಡ್ಲಾ?" ಅಂದರೆ ಒಂದು ನಿಮಿಷ ತಡೆದು, "ಡ್ರೈವರ್ ಪೂರ್ತಿ ತೆಗೆದು ನೋಡಿದ್ರಾ?" ಅಂತ ಕೇಳಿ. ಕೇಳೋದಕ್ಕೇನೂ ದುಡ್ಡು ಕೊಡಬೇಕಾಗಿಲ್ಲ.