ಮೂರು ಜೀವ, ಹತ್ತು ಹಂತ: ಡೇವ್ ಎಂಬ ಬಡವರ ಮಾರಿಯೋ

ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರನ್ನು ಹೈದರಾಬಾದಿಗರು ಕರೆಯುವುದು ಸಿಟಿಸಿ ಎಂದೇ. ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಕಟ್ಟಿಕೊಡುವ ಅಂಗಡಿಗಳ ಸಾಲು ಅದು. ಬೀದರ್, ಕಲಬುರಗಿ ಕಡೆಯವರಿಗೂ ಹತ್ತಿರದ ದೊಡ್ಡ ಪೇಟೆ ಹೈದರಾಬಾದೇ. ತೊಂಬತ್ತರ ದಶಕದಲ್ಲಿ ನಮ್ಮ ದೇಶದ ಇಂಥ ಪೇಟೆಗಳಿಂದ ಹೊರಟ ಕಂಪ್ಯೂಟರ್‌ಗಳ ಜೊತೆ, ಯಾರೂ ಕಾಸು ಕೊಡದ ಒಂದು ಆಟ ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಾ ಶಾಲೆಗಳ ಲ್ಯಾಬ್ ಸೇರಿತು. ಅದೇ ‘ಡೇಂಜರಸ್ ಡೇವ್’.

ಇದನ್ನು ಬರೆದವರು ಜಾನ್ ರೊಮೆರೊ, 1988ರಲ್ಲಿ, ಆ್ಯಪಲ್ 2 ಯಂತ್ರಕ್ಕಾಗಿ. ಅಮೆರಿಕದ ಸಾಫ್ಟ್‌ಡಿಸ್ಕ್ ಕಂಪನಿಯಲ್ಲಿದ್ದಾಗ ಅವರೇ ಅದನ್ನು ಡಾಸ್‌ಗೂ ತಂದರು. ಮಾರಿಯೋನ ನೆರಳು ಎದ್ದು ಕಾಣುತ್ತದೆ: ತಲೆಗೆ ಕೆಂಪು ಟೋಪಿ, ಕೆಲಸ ಜಿಗಿಯುವುದು. ಹತ್ತು ಹಂತಗಳು. ಪ್ರತಿ ಹಂತದಲ್ಲೂ ಕಪ್ ಹಿಡಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ಇಷ್ಟು ಸರಳವಾದ ಆಟ ಯಾಕೆ ಅಷ್ಟೊಂದು ರುಚಿಸಿತು? ಮೊದಲನೆಯದು, ಜಿಗಿತದ ನಿಖರತೆ. ಡೇವ್ ಎಷ್ಟು ಎತ್ತರ ಹಾರುತ್ತಾನೆಂಬುದು ಎಂದೂ ಬದಲಾಗುವುದಿಲ್ಲ. ಹಾಗಾಗಿ ಬೆಂಕಿಗೋ ನೀರಿಗೋ ಬಿದ್ದರೆ ತಪ್ಪು ಆಡಿದವರದೇ. ಎರಡನೆಯದು, ಪರದೆ ನಯವಾಗಿ ಸರಿಯುವುದಿಲ್ಲ. ಅಂಚು ಮುಟ್ಟಿದಾಗ ಒಮ್ಮೆಲೇ ಮುಂದಿನ ನೋಟಕ್ಕೆ ಹೊರಳುತ್ತದೆ. ಅಲ್ಲಿ ಏನು ಕಾದಿದೆಯೋ ಎಂಬ ಪುಕಪುಕಿ ಈ ಮಿತಿಯಿಂದಲೇ ಹುಟ್ಟಿದ್ದು. ಮೂರನೆಯದು, ದುರಾಸೆ. ಬಾಗಿಲು ತೆರೆಯಲು ಕಪ್ ಒಂದೇ ಸಾಕು. ಆದರೂ ಮೂಲೆಯಲ್ಲಿ ಹೊಳೆಯುವ ವಜ್ರವನ್ನು ಬಿಟ್ಟು ಹೋಗಲು ಮನಸ್ಸು ಬಾರದು. ಒಂದು ಹಂತದಲ್ಲಿ ಸಿಕ್ಕ ಬಂದೂಕು ಮುಂದಿನ ಹಂತಕ್ಕೆ ಬರುವುದೂ ಇಲ್ಲ.

ಆರಂಭದಲ್ಲಿ ಸಿಗುವುದು ಮೂರೇ ಜೀವ. ಒಂದು ಕಂಪ್ಯೂಟರಿಗೆ ನಾಲ್ಕೈದು ಮಕ್ಕಳಿದ್ದ ಲ್ಯಾಬಿಗೆ ಇದು ಹೇಳಿ ಮಾಡಿಸಿದ ಲೆಕ್ಕ. ನಿನ್ನ ಜೀವ ಮುಗಿಯಿತು, ಏಳು, ಇನ್ನು ನನ್ನ ಪಾಳಿ. ಕಾಯುವವರೂ ಸುಮ್ಮನಿರುತ್ತಿರಲಿಲ್ಲ; ಬೆನ್ನ ಹಿಂದೆ ನಿಂತು ದಾರಿ ಹೇಳುತ್ತಿದ್ದರು. ಸೌಂಡ್ ಕಾರ್ಡ್, ಮೌಸ್, ಬಣ್ಣದ ಮಾನಿಟರ್ ಯಾವುದೂ ಇಲ್ಲದ ಹಳೆಯ ಯಂತ್ರದಲ್ಲೂ ಆಟ ಓಡುತ್ತಿತ್ತು. ಬೇಕಿದ್ದದ್ದು ಬಾಣದ ಕೀಲಿಗಳು, ಗುಂಡು ಹಾರಿಸಲು ಕಂಟ್ರೋಲ್, ಜೆಟ್‌ಪ್ಯಾಕ್‌ಗೆ ಆಲ್ಟ್. ಎಷ್ಟೋ ಮಕ್ಕಳ ಬೆರಳಿಗೆ ಕೀಬೋರ್ಡ್ ಪಳಗಿದ್ದು ಹೀಗೆ, ಪಾಠಕ್ಕಿಂತ ಮೊದಲು.

ಆಟಗಳ ಚರಿತ್ರೆಯಲ್ಲಿ ಡೇವ್‌ಗೆ ಸಿಕ್ಕಿರುವುದು ಬೇರೆಯದೇ ಅಡಿಟಿಪ್ಪಣಿ. 1990ರ ಸೆಪ್ಟೆಂಬರ್‌ನಲ್ಲಿ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಸೇರಿ ‘ಸೂಪರ್ ಮಾರಿಯೋ ಬ್ರದರ್ಸ್ 3’ರ ಮೊದಲ ಹಂತವನ್ನು ಪಿಸಿಯಲ್ಲಿ ನಯವಾಗಿ ಸರಿಯುವಂತೆ ಕಟ್ಟಿ, ಮಾರಿಯೋ ಜಾಗದಲ್ಲಿ ಡೇವ್‌ನನ್ನು ನಿಲ್ಲಿಸಿದರು. ಅದಕ್ಕಿಟ್ಟ ಹೆಸರೇ ‘ಡೇಂಜರಸ್ ಡೇವ್ ಇನ್ ಕಾಪಿರೈಟ್ ಇನ್‌ಫ್ರಿಂಜ್‌ಮೆಂಟ್’. ಅದನ್ನು ಕಂಡ ರೊಮೆರೊಗೆ ಸ್ವಂತ ಕಂಪನಿ ಕಟ್ಟಬಹುದೆನ್ನಿಸಿತು. 1991ರಲ್ಲಿ ಇಡ್ ಸಾಫ್ಟ್‌ವೇರ್ ಹುಟ್ಟಿತು, 1993ರಲ್ಲಿ ‘ಡೂಮ್’ ಬಂತು.

ಆದರೆ ಇದು ತಯಾರಕರ ಕಡೆಯ ಚರಿತ್ರೆ. ಮಾರಾಟದ ಲೆಕ್ಕವನ್ನಷ್ಟೇ ನೋಡಿ ಬರೆದರೆ ಭಾರತದ ಆಟಗಾರರು ಅದರಲ್ಲಿ ಇರುವುದೇ ಇಲ್ಲ, ಏಕೆಂದರೆ ನಾವು ಅದನ್ನು ಕೊಂಡವರಲ್ಲ. ನಕಲಿನ ಫ್ಲಾಪಿ ರೊಮೆರೊಗೆ ಒಂದು ರೂಪಾಯಿಯನ್ನೂ ತಲುಪಿಸಲಿಲ್ಲ, ನಿಜ. ಡೇವ್‌ನನ್ನು ಉಳಿಸಿದ್ದೂ ಆ ಫ್ಲಾಪಿಯೇ. ಇಂದು ಡಾಸ್‌ಬಾಕ್ಸ್‌ನಲ್ಲಿ ಆಡಿ ನೋಡಿ: ಹತ್ತು ಹಂತ ಮುಗಿಸಲು ಹೆಚ್ಚು ಹೊತ್ತು ಬೇಡ. ಒಬ್ಬರೇ ಆಡಬೇಡಿ, ಹಿಂದೆ ನಿಂತು ದಾರಿ ಹೇಳಲು ಯಾರನ್ನಾದರೂ ಕರೆಯಿರಿ.