ಎರಡೇ ಹಡಗುಗಳ ಕಪ್ತಾನ

ಜಲಾಂತರ್ಗಾಮಿಯ ಕಪ್ತಾನನನ್ನು ಯುದ್ಧದ ಇತಿಹಾಸಕಾರರು ಟನ್ನುಗಳಲ್ಲಿ ತೂಗುತ್ತಾರೆ. ಆತ ಎಷ್ಟು ಹಡಗುಗಳನ್ನು ಮುಳುಗಿಸಿದ, ಅವುಗಳ ಒಟ್ಟು ಗಾತ್ರವೆಷ್ಟು ಎಂಬುದೇ ಲೆಕ್ಕ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಕ್ರೆಟ್ಶ್‌ಮರ್, ಲ್ಯೂಟ್ ಇವರು ತಲಾ ನಲವತ್ತಕ್ಕೂ ಮಿಕ್ಕಿ ಹಡಗುಗಳನ್ನು ಮುಳುಗಿಸಿ ಹೆಸರಾದರು. ವೆರ್ನರ್ ಮುಸೆನ್‌ಬರ್ಗ್ ಎಂಬಾತನ ಲೆಕ್ಕದಲ್ಲಿ ಇರುವುವು ಎರಡೇ ಹಡಗುಗಳು. ಒಟ್ಟು ೧೩,೨೯೮ ಟನ್ನು. ಆದರೂ ವಾಚಕರೇ, ಭಾರತೀಯರಾದ ನಾವು ಅರಿತಿರಬೇಕಾದ ಹೆಸರು ಈತನದೇ. ನೇತಾಜಿ ಸುಭಾಷಚಂದ್ರ ಬೋಸರನ್ನು ಯುರೋಪಿನಿಂದ ಹಿಂದೂ ಮಹಾಸಾಗರಕ್ಕೆ ತಂದು ಮುಟ್ಟಿಸಿದವನು ಈ ಕಪ್ತಾನ.

೧೯೪೧ರಲ್ಲಿ ಕಲಕತ್ತೆಯ ಗೃಹಬಂಧನದಿಂದ ಪಾರಾಗಿ ಬರ್ಲಿನ್ ಸೇರಿದ್ದ ಸುಭಾಷರಿಗೆ, ಜರ್ಮನಿಯಲ್ಲಿ ಕುಳಿತು ಭಾರತದ ಬಿಡುಗಡೆ ಸಾಧಿಸಲಾಗದೆಂಬುದು ಮನವರಿಕೆಯಾಗಿದ್ದಿತು. ೧೯೪೨ರಲ್ಲಿ ಸಿಂಗಾಪುರವೂ ಬರ್ಮವೂ ಜಪಾನೀಯರ ವಶವಾದ ಮೇಲೆ ಅವರ ದೃಷ್ಟಿ ಪೂರ್ವಕ್ಕೆ ತಿರುಗಿತು. ಆದರೆ ಹೋಗುವುದೆಂತು? ಭೂಮಾರ್ಗ, ವಾಯುಮಾರ್ಗಗಳೆರಡೂ ದುಸ್ತರವಾಗಿದ್ದುವು. ಉಳಿದದ್ದು ನೀರಿನ ಕೆಳಗಣ ದಾರಿ. ೧೯೪೩ರ ಫೆಬ್ರವರಿ ೯ರಂದು ಕೀಲ್ ಬಂದರಿನಿಂದ ಹೊರಟ ಯು-೧೮೦ ಎಂಬ ನೌಕೆಯಲ್ಲಿ ಸುಭಾಷರೂ ಅವರ ಸಹಚರ ಹೈದರಾಬಾದಿನ ಆಬಿದ್ ಹಸನ್ನರೂ ಇದ್ದರು.

ರೇಡಿಯೋ ಕೇಳುವವರಾದ ನಿಮಗೆ ಇಲ್ಲೊಂದು ಸ್ವಾರಸ್ಯವುಂಟು. ಸುಭಾಷರು ಹೊರಡುವ ಮುನ್ನ ತಮ್ಮ ಭಾಷಣಗಳನ್ನು ಮುದ್ರಿಸಿಟ್ಟು ಹೋಗಿದ್ದರು. ಅವರು ಕಡಲಿನಲ್ಲಿರುವಾಗ ಆಜಾದ್ ಹಿಂದ್ ರೇಡಿಯೋ ಆ ದನಿಯನ್ನು ಬಿತ್ತರಿಸುತ್ತಿದ್ದಿತು. ಕೇಳಿದ ಶತ್ರುಗಳು ಅವರು ಯುರೋಪಿನಲ್ಲೇ ಇರುವರೆಂದು ನಂಬಬೇಕೆಂಬುದು ಹಂಚಿಕೆ.

ಆಗಿನ ಜಲಾಂತರ್ಗಾಮಿ ಸದಾ ನೀರೊಳಗೇ ಇರುವ ಮೀನಲ್ಲ. ಮೇಲೆ ತೇಲುವಾಗ ಡೀಸೆಲ್ ಎಂಜಿನ್ನು, ಮುಳುಗಿದಾಗ ಬ್ಯಾಟರಿ. ಬ್ಯಾಟರಿಗೆ ವಿದ್ಯುತ್ತು ತುಂಬಲು ಮತ್ತೆ ಮೇಲೆ ಬರಲೇಬೇಕು. ಯು-೧೮೦ಕ್ಕೆ ವೇಗಕ್ಕೆಂದು ಆರು ಎಂಜಿನ್ನುಗಳನ್ನು ಜೋಡಿಸಿದ್ದರು. ಅವು ವೇಗಕ್ಕಿಂತ ಹೊಗೆಯನ್ನೇ ಹೆಚ್ಚಾಗಿ ಕೊಟ್ಟುವು. ಡೀಸೆಲ್ಲಿನ ನಾತ ಅನ್ನ, ಬಟ್ಟೆ, ಹಾಸಿಗೆಗಳಿಗೆಲ್ಲ ಹತ್ತಿದ್ದಿತು. ಆ ಇಕ್ಕಟ್ಟಿನಲ್ಲಿಯೇ ಸುಭಾಷರು ತಮ್ಮ ಗ್ರಂಥವನ್ನು ತಿದ್ದುತ್ತ, ಆಬಿದ್ ಹಸನ್ನರಿಗೆ ಹೇಳಿ ಬರೆಯಿಸುತ್ತ ದಿನಗಳೆದರು.

ಏಪ್ರಿಲ್ ೧೮ರಂದು ಆಫ್ರಿಕದ ದಕ್ಷಿಣದ ಕಡಲಿನಲ್ಲಿ ಮುಸೆನ್‌ಬರ್ಗ್ ಕಾರ್ಬಿಸ್ ಎಂಬ ಬ್ರಿಟಿಷ್ ತೈಲನೌಕೆಯನ್ನು ಟಾರ್ಪೆಡೊದಿಂದ ಹೊಡೆದ. ೮,೧೩೨ ಟನ್ನಿನ ಹಡಗು. ಅದರಲ್ಲಿದ್ದವರಲ್ಲಿ ಬಹುಮಂದಿ ಮಡಿದರು. ನೇತಾಜಿಯವರ ಯಾತ್ರೆಯನ್ನು ಬಣ್ಣಿಸುವಾಗ ನಾವು ಈ ಘಟನೆಯನ್ನು ಬೇಗನೆ ದಾಟಿಬಿಡುತ್ತೇವೆ, ದಾಟಬಾರದು. ಬ್ರಿಟಿಷ್ ವಾಣಿಜ್ಯ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ಖಲಾಸಿಗಳು ಆ ಯುದ್ಧದಲ್ಲಿ ಆರು ಸಾವಿರಕ್ಕೂ ಮೇಲ್ಪಟ್ಟು ಸತ್ತರು. ಹೊಟ್ಟೆಯ ಪಾಡಿಗೆ ಬಂಗಾಳದಿಂದ, ಘಟ್ಟದ ಕೆಳಗಿನ ಕೊಂಕಣದಿಂದ ಹೋದವರು ಅವರು. ನಮ್ಮ ನಾಯಕನನ್ನು ಹೊತ್ತು ತಂದಂಥ ನೌಕೆಗಳೇ ನಮ್ಮ ಬಡವರನ್ನೂ ಮುಳುಗಿಸಿದುವು.

ಏಪ್ರಿಲ್ ಕೊನೆಯಲ್ಲಿ, ಮಡಗಾಸ್ಕರದ ಆಚೆ, ಯು-೧೮೦ ಜಪಾನಿನ ಐ-೨೯ ನೌಕೆಯನ್ನು ಸಂಧಿಸಿತು. ಕಡಲು ಕೆರಳಿದ್ದಿತು, ಎರಡು ನೌಕೆಗಳು ಒಂದರ ಮಗ್ಗುಲಿಗೊಂದು ಬರುವಂತಿರಲಿಲ್ಲ. ಎರಡು ದಿನ ಕಾಯಬೇಕಾಯಿತು. ೨೮ರಂದು ಸುಭಾಷರೂ ಆಬಿದ್ ಹಸನ್ನರೂ ರಬ್ಬರಿನ ಪುಟ್ಟ ದೋಣಿಯಲ್ಲಿ ಕುಳಿತು, ಅಲೆಗಳ ನಡುವೆ ತೊಯ್ದು ತೊಪ್ಪೆಯಾಗಿ ಆ ನೌಕೆ ಸೇರಿದರು. ಶ್ರಾವಣದ ನೆರೆಯಲ್ಲಿ ಯಡೂರಿನ ಹೊಳೆದಂಡೆಗೆ ನಿಂತು ಕೃಷ್ಣೆಯನ್ನು ಕಂಡವರಿಗೆ, ಅಂಥ ನೀರಿಗೆ ಸಣ್ಣ ದೋಣಿ ಇಳಿಸಲು ಎಂಥ ಎದೆ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಹೊಳೆ, ಇದು ನಡುಗಡಲು. ಅತ್ತಣಿಂದ ಇಬ್ಬರು ಜಪಾನಿ ಅಧಿಕಾರಿಗಳೂ ಸುಮಾರು ಎರಡು ಟನ್ ಬಂಗಾರವೂ ಯು-೧೮೦ಕ್ಕೆ ಬಂದುವು.

ಸುಭಾಷರು ಮೇ ತಿಂಗಳಿನಲ್ಲಿ ಸುಮಾತ್ರದ ಬಳಿಯ ಸಬಾಂಗ್ ದ್ವೀಪದಲ್ಲಿ ಇಳಿದು ಟೋಕಿಯೋಗೆ ತೆರಳಿದರು. ಅಕ್ಟೋಬರ್ ೨೧ರಂದು ಸಿಂಗಾಪುರದಲ್ಲಿ ಆಜಾದ್ ಹಿಂದ್ ಸರಕಾರವನ್ನು ಸಾರಿದರು. ಮುಸೆನ್‌ಬರ್ಗ್ ಹಿಂತಿರುಗುವ ದಾರಿಯಲ್ಲಿ ಜೂನ್ ೩ರಂದು ಬೋರಿಸ್ ಎಂಬ ಗ್ರೀಕ್ ಹಡಗನ್ನು ಮುಳುಗಿಸಿ, ಜುಲೈ ಮೊದಲಲ್ಲಿ ಬೋರ್ಡೊ ತಲುಪಿದ. ಅಷ್ಟರಲ್ಲಿ ಯುದ್ಧದ ಗಾಳಿ ತಿರುಗಿದ್ದಿತು. ಆ ಮೇ ತಿಂಗಳೊಂದರಲ್ಲೇ ಜರ್ಮನಿ ನಲವತ್ತಕ್ಕೂ ಹೆಚ್ಚು ಜಲಾಂತರ್ಗಾಮಿಗಳನ್ನು ಕಳೆದುಕೊಂಡಿದ್ದಿತು.

೧೯೪೪ರ ಜನವರಿಯಲ್ಲಿ ಮುಸೆನ್‌ಬರ್ಗ್ ಯು-೧೮೦ವನ್ನು ಬಿಟ್ಟ. ಅದೇ ಆಗಸ್ಟಿನಲ್ಲಿ, ಬೇರೆ ಕಪ್ತಾನನ ಕೈಕೆಳಗೆ, ಆ ನೌಕೆ ಬಿಸ್ಕೇ ಕೊಲ್ಲಿಯಲ್ಲಿ ೫೬ ಜನರೊಂದಿಗೆ ನಾಶವಾಯಿತು, ಒಬ್ಬರೂ ಉಳಿಯಲಿಲ್ಲ. ಐ-೨೯ ಅದಕ್ಕೂ ಒಂದು ತಿಂಗಳು ಮೊದಲೇ ಅಮೆರಿಕನ್ನರ ಟಾರ್ಪೆಡೊಗೆ ತುತ್ತಾಗಿದ್ದಿತು. ಜರ್ಮನ್ ಜಲಾಂತರ್ಗಾಮಿಗಳಲ್ಲಿ ಸೇವೆ ಮಾಡಿದ ಸುಮಾರು ೪೦,೦೦೦ ಜನರಲ್ಲಿ ೨೮,೦೦೦ಕ್ಕೂ ಹೆಚ್ಚು ಮಂದಿ ಮರಳಿ ಮನೆ ಕಾಣಲಿಲ್ಲ.

ಮುಸೆನ್‌ಬರ್ಗ್ ನಮ್ಮ ಸ್ವಾತಂತ್ರ್ಯದ ಮಿತ್ರನೆಂದು ಹೊರಟವನಲ್ಲ. ಹಿಟ್ಲರನ ನೌಕಾಪಡೆಯ ಆಜ್ಞೆಯನ್ನು ಪಾಲಿಸಿದ. ಆ ಸರಕಾರ ಎಂಥದೆಂದು ಲೋಕವೇ ಬಲ್ಲುದು. ಆದುದರಿಂದ ಆತನಿಗೆ ಹಾರ ಹಾಕಬೇಕೆಂದು ನಾನು ಹೇಳುವುದಿಲ್ಲ. ನೇತಾಜಿಯವರ ಸಾಹಸವನ್ನು ಮಕ್ಕಳಿಗೆ ಹೇಳುವಾಗ ಕಾರ್ಬಿಸ್ ಹಡಗಿನವರ ಹೆಸರನ್ನೂ ಒಮ್ಮೆ ಎತ್ತಿರಿ ಎಂದಷ್ಟೇ ನನ್ನ ಬಿನ್ನಹ. ಅವರೂ ಆ ಯಾತ್ರೆಯ ಬೆಲೆ ತೆತ್ತವರು.